ಗೋಡೆಗೆ ಅಂಟಿದ ಪುಡಿ, ಚರಟದಲ್ಲೇ ಉಳಿದ ಸತ್ವ

ಓದುಗರ ಪ್ರಶ್ನೆ, ತಜ್ಞರ ಉತ್ತರ
ಈ ಸಂಚಿಕೆಯ ವಿಷಯ: ಔಷಧೀಯ ಸಸ್ಯಗಳ ಒಣ ಸಾರ ತಯಾರಿಕೆ

ಮೂಲಿಕೆಯನ್ನು ನೀರಿನಲ್ಲೋ ಆಲ್ಕೋಹಾಲಿನಲ್ಲೋ ನೆನೆಸಿ ಸತ್ವ ಇಳಿಸಿ, ಆ ದ್ರವವನ್ನು ಮಂದ ಮಾಡಿ, ಕೊನೆಗೆ ಪುಡಿಯಾಗಿಸಿದರೆ ಅದು ಒಣ ಸಾರ. ಗಿಡವನ್ನೇ ಒಣಗಿಸಿ ಬೀಸಿದ ಚೂರ್ಣ ಬೇರೆ, ಇದು ಬೇರೆ. ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಕೊನೆಯಲ್ಲಿ ಕೂತಿರುವ ಡ್ರೈಯರನ್ನೇ ದೂರುತ್ತವೆ. ತಪ್ಪು ಅದರದ್ದಾಗಿರುವುದು ಅಪರೂಪ. ಅದಕ್ಕೇ ಪ್ರಶ್ನೆಗಳನ್ನು ಬಂದ ಕ್ರಮದಲ್ಲಿ ಇಡದೆ, ಮೂಲಿಕೆಯ ಕಡೆಯಿಂದ ಜೋಡಿಸಿದ್ದೇವೆ.

ಪ್ರಶ್ನೆ: ನೆಲಬೇವನ್ನು ನೀರಿನಲ್ಲಿ ಕುದಿಸಿದರೆ ಕಿಲೋ ಒಣ ಸೊಪ್ಪಿಗೆ 250 ಗ್ರಾಂ ಪುಡಿ ಸಿಗುತ್ತದೆ. ಶೇ. 70ರ ಎಥನಾಲ್ ಬಳಸಿದರೆ 140 ಗ್ರಾಮಿಗೇ ನಿಲ್ಲುತ್ತದೆ. ಆದರೂ ಎಲ್ಲರೂ ಎಥನಾಲನ್ನೇ ಬಳಸಿ ಅನ್ನುತ್ತಾರೆ. ಇಷ್ಟು ಇಳುವರಿ ಬಿಟ್ಟುಕೊಡುವುದು ಯಾವ ಲೆಕ್ಕ?

ಉತ್ತರ: ತಕ್ಕಡಿ ತೂಕ ಹೇಳುತ್ತದೆ, ಪುಡಿಯೊಳಗೆ ಏನಿದೆ ಎಂದು ಹೇಳುವುದಿಲ್ಲ. ನೆಲಬೇವಿನಲ್ಲಿ ನಮಗೆ ಬೇಕಾದ ಕಹಿ ಸಂಯುಕ್ತ ಆಂಡ್ರೋಗ್ರಫೊಲೈಡ್. ಅದು ನೀರಿನಲ್ಲಿ ಕರಗುವುದೇ ಕಷ್ಟ, ಎಥನಾಲಿನಲ್ಲಿ ಸಲೀಸು. ಲೆಕ್ಕಕ್ಕೆಂದು ನಿಮ್ಮ ಸೊಪ್ಪಿನಲ್ಲಿ ಅದು ಶೇ. 2 ಇದೆ ಅಂದುಕೊಳ್ಳಿ. ಅಂದರೆ ಕಿಲೋಗೆ 20 ಗ್ರಾಂ. ನೀರಿನ ಪುಡಿಯಲ್ಲಿ ಶೇ. 2 ಬಂದರೆ 250 ಗ್ರಾಮಿನಲ್ಲಿ ಇರುವುದು 5 ಗ್ರಾಂ, ಸೊಪ್ಪಿನಲ್ಲಿದ್ದುದರ ಕಾಲು ಭಾಗ. ಎಥನಾಲ್ ಪುಡಿಯಲ್ಲಿ ಶೇ. 12 ಬಂದರೆ 140 ಗ್ರಾಮಿನಲ್ಲಿ 16.8 ಗ್ರಾಂ, ಅಂದರೆ ಶೇ. 84. ನೀರಿನ ಪುಡಿಯ ಉಳಿದ ತೂಕವೆಲ್ಲ ಸಕ್ಕರೆ, ಅಂಟು, ಲವಣ, ಪ್ರೋಟೀನು. ಮುಂದೆ ಡ್ರೈಯರಿನ ಗೋಡೆಗೆ ಮೆತ್ತಿಕೊಳ್ಳುವುದೂ, ಡಬ್ಬಿಯಲ್ಲಿ ಗಾಳಿಯ ತೇವ ಕುಡಿದು ಗಟ್ಟಿಯಾಗುವುದೂ ಇವೇ.

ಪ್ರತಿ ಬ್ಯಾಚಿಗೂ ಮೂರು ಕಡೆ ಆ ಸಂಯುಕ್ತವನ್ನು ಅಳೆಯಿಸಿ: ಒಳಗೆ ಹೋದ ಮೂಲಿಕೆಯಲ್ಲಿ, ಹೊರಬಂದ ಪುಡಿಯಲ್ಲಿ, ಬಿಸಾಡುವ ಚರಟದಲ್ಲಿ. ಪುಡಿಯದ್ದೂ ಚರಟದ್ದೂ ಕೂಡಿಸಿದರೆ ಮೂಲಿಕೆಯದ್ದರ ಶೇ. 95ರಿಂದ 105ರೊಳಗೆ ಬರಬೇಕು. ಚರಟದಲ್ಲಿ ಹೆಚ್ಚು ಉಳಿದಿದ್ದರೆ ತೊಂದರೆ ನೆನೆಸುವ ಹಂತದಲ್ಲಿ. ಎರಡೂ ಕಡೆ ಇಲ್ಲದೆ ಲೆಕ್ಕ ತಪ್ಪಿದರೆ ಶಾಖದಲ್ಲಿ ಹಾಳಾಗಿದೆ, ಇಲ್ಲವೇ ಪಾತ್ರೆಯ ತಳದಲ್ಲಿ ರಾಳವಾಗಿ ಅಂಟಿಕೊಂಡಿದೆ.

ಹಾಗೆಂದು ಎಥನಾಲ್ ಹೆಚ್ಚಿದಷ್ಟೂ ಒಳ್ಳೆಯದು ಅಂತಲ್ಲ. ಶೇ. 95ಕ್ಕೆ ಹೋದರೆ ಎಲೆಯ ಹಸಿರು, ಮೇಣ ಎಲ್ಲ ಇಳಿದು ಬಂದು, ಪುಡಿಯಾಗದ ಜಿಗುಟು ಉಂಡೆ ಸಿಗುತ್ತದೆ. ಇನ್ನು ನೆಲ್ಲಿ, ಅಳಲೆಯಂಥ ಒಗರಿನ ಕಾಯಿಗಳ ಟ್ಯಾನಿನ್ನಿಗೆ ನೀರೇ ಸಾಕು. ಆದರೆ ಕಬ್ಬಿಣದ ಪಾತ್ರೆ, ತುಕ್ಕು ಹಿಡಿದ ಒಂದು ಬೋಲ್ಟ್ ಕೂಡ, ತಾಗಬಾರದು. ಟ್ಯಾನಿನ್ನೂ ಕಬ್ಬಿಣವೂ ಸೇರಿದರೆ ಶಾಯಿ.

ಪ್ರಶ್ನೆ: ಒಂದೇ ಕಡೆಯಿಂದ ತರುವ ಮೂಲಿಕೆ, ಒಂದೇ ವಿಧಾನ. ಆದರೂ ಒಂದು ಬ್ಯಾಚಿನ ಹಾಗೆ ಇನ್ನೊಂದು ಇರುವುದಿಲ್ಲ. ಏನು ನೋಡಬೇಕು?

ಉತ್ತರ: ಮೊದಲು ತೇವಾಂಶ. ಶೇ. 14 ತೇವವಿರುವ ನೂರು ಕಿಲೋದಲ್ಲಿ ಒಣ ಪದಾರ್ಥ 86 ಕಿಲೋ, ಶೇ. 9 ಇದ್ದರೆ 91. ತೂಕ ಒಂದೇ, ಸರಕು ಬೇರೆ. ಎಲ್ಲ ಲೆಕ್ಕವನ್ನೂ ಒಣ ಪದಾರ್ಥದ ಮೇಲೆ ಹಾಕಿ. ಆಮೇಲೆ ಎಲೆ ಮತ್ತು ಕಡ್ಡಿಯ ಪ್ರಮಾಣ ನೋಡಿ: ನೆಲಬೇವಿನ ಕಹಿ ಹೆಚ್ಚಿರುವುದು ಎಲೆಯಲ್ಲಿ, ಕಡ್ಡಿಯಲ್ಲಿ ಬಹಳ ಕಡಿಮೆ. ಹೂ ಕಚ್ಚುವ ಹೊತ್ತಿಗೆ ಕೊಯ್ದದ್ದಕ್ಕೂ ಕಾಯಿ ಬಲಿತು ಎಲೆ ಉದುರಿದ ಮೇಲೆ ಕೊಯ್ದದ್ದಕ್ಕೂ ಅದಕ್ಕೇ ಅಷ್ಟು ವ್ಯತ್ಯಾಸ.

ಒಣಗಿಸಿದ ರೀತಿಯೂ ಪುಡಿಯಲ್ಲಿ ಕಾಣುತ್ತದೆ. ಹಸಿ ಸೊಪ್ಪನ್ನು ರಾಶಿ ಹಾಕಿ ಒಂದು ರಾತ್ರಿ ಬಿಟ್ಟರೆ ರಾಶಿಯ ಹೊಟ್ಟೆ ಬಿಸಿಯಾಗುತ್ತದೆ. ಎಲೆಯೊಳಗಿನ ಕಿಣ್ವಗಳು ಗ್ಲೈಕೋಸೈಡುಗಳನ್ನು, ಅಂದರೆ ಸಕ್ಕರೆ ಅಂಟಿಕೊಂಡ ಸಂಯುಕ್ತಗಳನ್ನು, ಒಡೆಯಲು ಅಷ್ಟು ಸಾಕು. ಕೊಯ್ದ ದಿನವೇ ತೆಳುವಾಗಿ ಹರಡಿ, ಗಾಳಿ ಆಡುವ ಡ್ರೈಯರಿನಲ್ಲಿ ಎಲೆಯನ್ನು 40ರಿಂದ 50 ಡಿಗ್ರಿಯಲ್ಲಿ, ಸುಗಂಧ ತೈಲವಿರುವ ಗಿಡಗಳನ್ನು 40 ಡಿಗ್ರಿ ದಾಟಿಸದೆ ಒಣಗಿಸಬೇಕು. ಬೇರನ್ನು 3ರಿಂದ 5 ಮಿಲಿಮೀಟರಿನ ಬಿಲ್ಲೆಗಳಾಗಿ ಹೆಚ್ಚಿ. ದಪ್ಪ ಬೇರಿಗೆ ಶುರುವಿನಲ್ಲೇ ಜೋರು ಶಾಖ ಕೊಟ್ಟರೆ ಹೊರಗೆ ಸಿಪ್ಪೆ ಬಿಗಿದು ಒಳಗಿನ ನೀರು ಅಲ್ಲೇ ಸಿಕ್ಕಿಬೀಳುತ್ತದೆ. ಮುಟ್ಟಿದರೆ ಒಣಗಿದಂತಿರುತ್ತದೆ, ಚೀಲದಲ್ಲಿ ಬೂಸ್ಟು ಬರುತ್ತದೆ. ಶೇ. 80 ನೀರಿರುವ ನೂರು ಕಿಲೋ ಹಸಿ ಸೊಪ್ಪು ಶೇ. 10 ತೇವಕ್ಕೆ ಒಣಗಿದಾಗ ಸುಮಾರು 22 ಕಿಲೋ ಆಗಬೇಕು. 25 ಕಿಲೋ ಬಂದರೆ ಸಂತೋಷಪಡಬೇಡಿ, ಇನ್ನೂ ಒಣಗಿಲ್ಲ.

ಪ್ರಶ್ನೆ: ಕಿಲೋ ಮೂಲಿಕೆಗೆ 10 ಲೀಟರ್ ದ್ರಾವಕ ಹಾಕಿ ಒಮ್ಮೆಗೇ ಸತ್ವ ತೆಗೆಯುತ್ತಿದ್ದೇವೆ. 12, 15 ಲೀಟರಿಗೆ ಏರಿಸಿದರೆ ಲಾಭವಿದೆಯೇ?

ಉತ್ತರ: ಇರುವ 10 ಲೀಟರನ್ನೇ ಭಾಗ ಮಾಡಿ. ಲಾಭ ಎಲ್ಲಿಂದ ಬರುತ್ತದೆ ಎಂಬುದನ್ನು ಕಾಗದದ ಮೇಲೇ ಕಾಣಬಹುದು.

ಒಂದು ಕಿಲೋ ಚರಟ ಸುಮಾರು 2 ಲೀಟರ್ ದ್ರವವನ್ನು ಹೀರಿ ಇಟ್ಟುಕೊಳ್ಳುತ್ತದೆ ಅಂದುಕೊಳ್ಳೋಣ. ಗಿಡದ ಪ್ರಕಾರ ಇದು ಒಂದೂವರೆಯಿಂದ ಮೂರು ಲೀಟರಿನವರೆಗೂ ಇರುತ್ತದೆ. 10 ಲೀಟರ್ ಒಮ್ಮೆಗೇ ಹಾಕಿದರೆ ಬಸಿದು ಬರುವುದು 8 ಲೀಟರ್. ಸತ್ವ ದ್ರವದಲ್ಲೆಲ್ಲ ಸಮನಾಗಿ ಹರಡಿದ್ದರೂ ಐದನೇ ಒಂದು ಪಾಲು ಚರಟದಲ್ಲೇ ಉಳಿಯಿತು, ಸಿಕ್ಕಿದ್ದು ಶೇ. 80. ಈಗ ಮೊದಲು 6, ಆಮೇಲೆ 4 ಲೀಟರ್ ಹಾಕಿ. ಮೊದಲ ಸಲ 6ರಲ್ಲಿ 2 ಉಳಿಯಿತು, ಅಂದರೆ ಮೂರನೇ ಒಂದು. ಅದಕ್ಕೆ 4 ಸೇರಿ ಮತ್ತೆ 6 ಆಯಿತು, ಉಳಿದದ್ದರಲ್ಲಿ ಮತ್ತೆ ಮೂರನೇ ಒಂದು ಮಾತ್ರ ಒಳಗೆ. ಒಟ್ಟು ಉಳಿದದ್ದು ಒಂಬತ್ತನೇ ಒಂದು ಪಾಲು, ಸಿಕ್ಕಿದ್ದು ಶೇ. 89. 4, 3, 3 ಲೀಟರಿನಂತೆ ಮೂರು ಸಲ ಮಾಡಿದರೆ ಶೇ. 92. ಮೂರೂ ರೀತಿಯಲ್ಲಿ ಹಾಕಿದ್ದು 10 ಲೀಟರ್, ಆವಿ ಮಾಡಬೇಕಾದದ್ದು 8 ಲೀಟರ್. ಇಂಧನ ಒಂದು ಚೂರೂ ಹೆಚ್ಚು ಬೇಡ.

ನಾಲ್ಕನೇ ಸಲಕ್ಕೆ ಸಾಮಾನ್ಯವಾಗಿ ಅರ್ಥವಿಲ್ಲ. ಅದರ ಬದಲು ಮೂರನೇ ಸಲದ ತೆಳು ದ್ರವವನ್ನು ಮುಂದಿನ ಬ್ಯಾಚಿನ ಮೊದಲ ದ್ರಾವಕವಾಗಿ ಬಳಸಿ. ಆವಿ ಮಾಡುವ ಪ್ರಮಾಣ ಇನ್ನೂ ಇಳಿಯುತ್ತದೆ. ನೀರಿನ ಸಾರವಾದರೆ ಮಾತ್ರ ಹಾಗೆ ರಾತ್ರಿಯೆಲ್ಲ ಇಡುವಂತಿಲ್ಲ, ಹುಳಿಯುತ್ತದೆ.

ಚರಟದಲ್ಲಿ ಕೂತ ಎಥನಾಲನ್ನು ಮರೆಯಬೇಡಿ. ನೂರು ಕಿಲೋ ಚರಟದಲ್ಲಿ 200 ಲೀಟರ್ ದ್ರವ ಇರುತ್ತದೆ. ಹಿಂಡಿ, ನಂತರ ಹಬೆ ಹಾಯಿಸಿ, ಆವಿಯನ್ನು ತಣಿಸಿ ದ್ರವ ಮಾಡುವ ಕಂಡೆನ್ಸರಿನಲ್ಲಿ ಹಿಡಿಯಿರಿ. ಹಾಗೆ ವಾಪಸ್ ಬಂದದ್ದರ ಶೇಕಡಾವಾರು ಪ್ರಮಾಣವನ್ನು ಆಲ್ಕೋಹಾಲ್ ಮಾಪಕದಲ್ಲಿ ನೋಡದೆ ಮತ್ತೆ ಬಳಸುವವರ ಬ್ಯಾಚುಗಳು ತಿಂಗಳಿಂದ ತಿಂಗಳಿಗೆ ಕೆಡುತ್ತಾ ಹೋಗುತ್ತವೆ. ಶೇ. 70 ಎಂದು ಹಾಕುತ್ತಿರುವುದು ಅಷ್ಟರಲ್ಲಿ ಶೇ. 58ಕ್ಕೆ ಇಳಿದಿರುತ್ತದೆ.

ಪ್ರಶ್ನೆ: ಅಶ್ವಗಂಧದ ಬೇರನ್ನು ನುಣ್ಣಗೆ ಬೀಸಿದರೆ ಸತ್ವ ಬೇಗ ಬಿಡುತ್ತದೆಂದು ಬೀಸಿದೆವು. ಬಿಸಿ ನೀರು ಹಾಕಿದ ಮೇಲೆ ಅಂಬಲಿಯಂತಾಗಿ ಒಂದು ಹನಿಯೂ ಸೋಸಿ ಬರಲಿಲ್ಲ.

ಉತ್ತರ: ಅಂಬಲಿಯಂತೆ ಅಲ್ಲ, ಅಂಬಲಿಯೇ. ಬೇರಿನಲ್ಲಿ ಪಿಷ್ಟ ತುಂಬಿದೆ. 60ರಿಂದ 75 ಡಿಗ್ರಿಯೊಳಗೆ ಅದು ನೀರು ಕುಡಿದು ಉಬ್ಬಿ ಗಂಜಿಯಾಗುತ್ತದೆ. ನುಣ್ಣಗೆ ಬೀಸಿದಷ್ಟೂ ಆ ಕೆಲಸ ಸಲೀಸು. ನೀರೇ ಬೇಕೆಂದಿದ್ದರೆ 50 ಡಿಗ್ರಿಯೊಳಗೆ ಇರಿ. ಶೇ. 50ರಿಂದ 70ರ ಎಥನಾಲಿನಲ್ಲಿ ಪಿಷ್ಟ ಉಬ್ಬುವುದಿಲ್ಲ, ಅಲ್ಲಿ 55–60 ಡಿಗ್ರಿಗೆ ಧೈರ್ಯವಾಗಿ ಹೋಗಬಹುದು.

ಬೀಸುವ ಅಳತೆ ತರಿಯಾಗಿರಲಿ, ಅರ್ಧ ಮಿಲಿಮೀಟರಿನಿಂದ 2 ಮಿಲಿಮೀಟರಿನೊಳಗೆ. ಜರಡಿ ಹಿಡಿದು ಹಿಟ್ಟಿನಂಥ ಭಾಗವನ್ನು ಬೇರೆ ಮಾಡಿ. ಎಸೆಯಬೇಡಿ, ಅದರಲ್ಲೂ ಸತ್ವವಿದೆ. ಚೀಲದಲ್ಲಿ ಕಟ್ಟಿ ಬೇರೆಯಾಗಿ ನೆನೆಸಬಹುದು. ಪರ್ಕೊಲೇಟರಿಗೆ (ದ್ರಾವಕ ಮೇಲಿನಿಂದ ಮೂಲಿಕೆಯ ಮೂಲಕ ಇಳಿದು ಬರುವ ಪಾತ್ರೆ) ತುಂಬುವ ಮೊದಲು ತರಿಯನ್ನು ಅದರ ಅರ್ಧದಷ್ಟು ತೂಕದ ದ್ರಾವಕದಲ್ಲಿ ಹೊರಗೇ ಕಲಸಿ, ಮುಚ್ಚಿ, ಮೂರು ನಾಲ್ಕು ಗಂಟೆ ಬಿಡಿ. ಒಣದನ್ನೇ ತುಂಬಿದರೆ ಒಳಗೆ ಉಬ್ಬಿ ಬಿಗಿದುಕೊಳ್ಳುತ್ತದೆ, ಇಲ್ಲವೆ ಬಿರುಕು ಬಿಟ್ಟು ದ್ರಾವಕ ಒಂದೇ ಓಣಿ ಹಿಡಿದು ಇಳಿದುಹೋಗುತ್ತದೆ. ಕೆಲಸ ಮುಗಿದ ಮೇಲೆ ಚರಟವನ್ನು ಬಗೆದು ನೋಡಿ: ಅಲ್ಲಲ್ಲಿ ಬಣ್ಣ ಬಿಡದ ಒಣ ತೇಪೆ ಕಂಡರೆ ಓಣಿ ಬಿದ್ದಿತ್ತು ಎಂದೇ ಅರ್ಥ.

ಪ್ರಶ್ನೆ: ಒಂದೆಲಗ ಮತ್ತು ಮಧುನಾಶಿನಿಯ ದ್ರವವನ್ನು ಮಂದ ಮಾಡುವಾಗ ನೊರೆ ಉಕ್ಕಿ ಕಂಡೆನ್ಸರಿಗೇ ನುಗ್ಗುತ್ತದೆ. ನಿಧಾನ ಮಾಡಿದರೆ ಸುಟ್ಟ ವಾಸನೆ. ವ್ಯಾಕ್ಯೂಮ್ ಇದ್ದೂ ಸುಡುವುದು ಹೇಗೆ?

ಉತ್ತರ: ಎರಡು ಬೇರೆ ಬೇರೆ ರೋಗ. ನೊರೆಯದ್ದು ಮೊದಲು. ಈ ಎರಡು ಗಿಡಗಳಲ್ಲೂ ಸಪೋನಿನ್ ಜಾತಿಯ ಸಂಯುಕ್ತಗಳಿವೆ, ಸೋಪಿನ ಗುಣದವು. ನಮಗೆ ಬೇಕಾದ ಸತ್ವವೂ ಅದೇ ಆದ್ದರಿಂದ ತೆಗೆದುಹಾಕುವಂತಿಲ್ಲ. ದ್ರವದಲ್ಲಿ ಎಥನಾಲ್ ಸಾಕಷ್ಟು ಇರುವವರೆಗೆ ನೊರೆ ಅಷ್ಟಾಗಿ ಏಳುವುದಿಲ್ಲ. ಅದು ಮುಗಿದು ನೀರಷ್ಟೇ ಉಳಿದ ಕ್ಷಣದಿಂದ ಉಕ್ಕುತ್ತದೆ. ಕಂಡೆನ್ಸರಿನಿಂದ ಬೀಳುವ ದ್ರವದ ಆಲ್ಕೋಹಾಲ್ ಪ್ರಮಾಣ ಕುಸಿಯುತ್ತಿದ್ದಂತೆ ಆ ಹೊತ್ತು ಹತ್ತಿರವಾಯಿತು ಎಂದು ತಿಳಿಯಿರಿ. ಅಲ್ಲಿಂದ ಮುಂದೆ ಪಾತ್ರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಿರಬಾರದು. ವ್ಯಾಕ್ಯೂಮನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ. ಒಮ್ಮೆಗೇ ಎಳೆದರೆ ಇಡೀ ದ್ರವ ಒಟ್ಟಿಗೆ ಕುದಿಯುತ್ತದೆ. ನೊರೆ ಮೇಲಿನ ಗಾಜಿಗೆ ಬಂದಾಗ ಗಾಳಿಯ ವಾಲ್ವನ್ನು ಅರೆಕ್ಷಣ ತೆರೆದು ಮುಚ್ಚಿದರೆ ಕುಸಿಯುತ್ತದೆ. ಆಹಾರ ದರ್ಜೆಯ ಸಿಲಿಕೋನ್ ನೊರೆನಾಶಕ ಕೆಲವೇ ಹನಿ ಸಾಕು. ಅದರ ದಾಖಲೆ ಬ್ಯಾಚ್ ಪುಸ್ತಕದಲ್ಲಿ ಇರಲೇಬೇಕು. ಹೆಚ್ಚು ಪ್ರಮಾಣದಲ್ಲಿ ಮಾಡುವವರಿಗೆ ಫಾಲಿಂಗ್ ಫಿಲ್ಮ್ ಇವಾಪೊರೇಟರ್ ಸರಿಯಾದ ದಾರಿ. ಅಲ್ಲಿ ದ್ರವ ಬಿಸಿ ಕೊಳವೆಗಳ ಒಳಮೈಯಲ್ಲಿ ತೆಳು ಪದರವಾಗಿ ಇಳಿಯುತ್ತದೆ, ಶಾಖದಲ್ಲಿ ಇರುವುದೇ ಸ್ವಲ್ಪ ಹೊತ್ತು.

ಇನ್ನು ಸುಡುವುದು. 123 ಮಿಲಿಬಾರಿನಲ್ಲಿ ನೀರು 50 ಡಿಗ್ರಿಗೆ ಕುದಿಯುತ್ತದೆ, ಸುಮಾರು 200 ಮಿಲಿಬಾರಿನಲ್ಲಿ 60ಕ್ಕೆ. ಥರ್ಮಾಮೀಟರ್ ತೋರಿಸುವುದು ಕುದಿಯುವ ದ್ರವದ ಬಿಸಿಯನ್ನು, ಗೋಡೆಯದ್ದನ್ನಲ್ಲ. ಪಾತ್ರೆಯ ಸುತ್ತ ಬಿಸಿ ಕೊಡುವ ಹೊದಿಕೆಯಾದ ಜಾಕೆಟ್ಟಿನಲ್ಲಿ ಗೇಜಿನ ಒಂದು ಬಾರ್ ಹಬೆ ಓಡುತ್ತಿದ್ದರೆ ಗೋಡೆ 120 ಡಿಗ್ರಿ ಹತ್ತಿರ ಇರುತ್ತದೆ. ದ್ರವ ಕಡಿಮೆಯಾಗಿ ಮಟ್ಟ ಜಾಕೆಟ್ಟಿನ ಅಂಚಿಗಿಂತ ಕೆಳಗೆ ಇಳಿದಾಗ ಮೇಲೆ ಉಳಿದ ಪದರ ಆ ಗೋಡೆಯ ಮೇಲೆ ಒಣಗಿ ಕರಕಾಗುತ್ತದೆ, ಮುಂದಿನ ಕುದಿತಕ್ಕೆ ಚಕ್ಕೆ ಚಕ್ಕೆಯಾಗಿ ದ್ರವಕ್ಕೆ ಉದುರುತ್ತದೆ. ಜಾಕೆಟ್ಟಿಗೆ ಹಬೆಯ ಬದಲು 75–80 ಡಿಗ್ರಿಯ ಬಿಸಿ ನೀರು ಓಡಿಸಿ. ಮಟ್ಟ ಇಳಿಯದ ಹಾಗೆ ತೆಳು ದ್ರವವನ್ನು ಸಣ್ಣಗೆ ಬಿಡುತ್ತಲೇ ಇರಿ.

ಒಂದು ಮಾತು: ಮಂದ ಎಷ್ಟಾಯಿತೆಂದು, ಬೆಳಕು ಬಾಗುವುದರಿಂದ ಕರಗಿದ ಘನವನ್ನು ಅಳೆಯುವ ಬ್ರಿಕ್ಸ್ ಮಾಪಕದಲ್ಲಿ ನೋಡುವ ರೂಢಿ ಇದೆ. ದ್ರವದಲ್ಲಿ ಎಥನಾಲ್ ಇರುವವರೆಗೆ ಆ ಅಂಕಿಯನ್ನು ನಂಬಬೇಡಿ, ಎಥನಾಲೂ ಬೆಳಕನ್ನು ಬಾಗಿಸಿ ಅಂಕಿ ಏರಿಸುತ್ತದೆ. 5 ಗ್ರಾಂ ತೆಗೆದು ಒಣಗಿಸಿ ತೂಗಿ.

ಪ್ರಶ್ನೆ: ಸ್ಪ್ರೇ ಡ್ರೈಯರಿನ ಗೋಡೆಗೆ ಪುಡಿ ಅಂಟಿ ಅರ್ಧ ಮಾಲು ಅಲ್ಲೇ ಹೋಗುತ್ತಿದೆ. ಯಂತ್ರ ಕೊಟ್ಟವರು ಒಳಗಾಳಿಯ ಬಿಸಿ ಏರಿಸಿ ಅಂದರು. 170ರಿಂದ 195ಕ್ಕೆ ಏರಿಸಿದೆವು, ಇನ್ನೂ ಜಾಸ್ತಿ ಅಂಟಿತು.

ಉತ್ತರ: ಈ ಯಂತ್ರದಲ್ಲಿ ಅಟೊಮೈಸರ್ ದ್ರವವನ್ನು ಸಣ್ಣ ಹನಿಗಳಾಗಿ ಟವರಿನೊಳಗೆ ಎರಚುತ್ತದೆ. ಒಳಗೆ ಹೋಗುವ ಬಿಸಿಗಾಳಿ ಒಳಗಾಳಿ, ತೇವ ಹೊತ್ತು ಹೊರಬರುವುದು ಹೊರಗಾಳಿ. ಪುಡಿಯನ್ನು ಆ ಗಾಳಿಯಿಂದ ಬೇರ್ಪಡಿಸುವುದು ಸೈಕ್ಲೋನ್. ಬಿಸಿ ಏರಿಸುವ ಮೊದಲು ಅಂಟಿದ್ದನ್ನು ಕೆರೆದು ನೋಡಬೇಕಿತ್ತು. ಒಂದು ಹಿಡಿ ಕೆರೆದು ತಣ್ಣಗಿನ ಸ್ಟೀಲ್ ತಟ್ಟೆಯ ಮೇಲೆ ಎರಡು ನಿಮಿಷ ಇಡಿ. ಆಗಲೂ ಕಣಕದ ಹಾಗೆ ಮೆತ್ತಗಿದ್ದರೆ ಅದು ಒಣಗಿಲ್ಲ: ಹನಿ ದೊಡ್ಡದಾಗಿದೆ, ನಾಜಲ್ ಸವೆದಿದೆ, ಅಟೊಮೈಸರಿನ ವೇಗ ಸಾಲದು ಅಥವಾ ದ್ರವ ಹೆಚ್ಚು ಬಿಡುತ್ತಿದ್ದೀರಿ. ಇಂಥದ್ದು ಹೆಚ್ಚಾಗಿ ಟವರಿನ ಮೇಲ್ಭಾಗದಲ್ಲಿ, ಅಟೊಮೈಸರಿನ ಎದುರಿಗೇ ಪಟ್ಟೆಯಾಗಿ ಕೂರುತ್ತದೆ. ಆದರೆ ತಣ್ಣಗಾದ ಮೇಲೆ ಗಾಜಿನ ಚೂರಿನಂತೆ ಚಟ್ಟನೆ ಮುರಿದರೆ ಕಥೆ ಬೇರೆ. ಅದು ಒಣಗಿದೆ, ಆದರೆ ಬಿಸಿಯಲ್ಲಿ ಮೆದುವಾಗಿ ಅಂಟಿದೆ. ಕೆಳಗಿನ ಕೋನಿನಲ್ಲೂ ಸೈಕ್ಲೋನಿನಲ್ಲೂ ಹೊಳೆಯುವ ಪದರವಾಗಿ ಸಿಗುವುದು ಇದೇ. ನಿಮ್ಮದು ಬಿಸಿ ಏರಿಸಿದಾಗ ಹೆಚ್ಚಿತು ಅಂದರೆ ಈ ಎರಡನೆಯದೇ.

ಕಾರಣ ಸಕ್ಕರೆ. ಪ್ರತಿ ಪದಾರ್ಥವೂ ಗಾಜಿನ ಸ್ಥಿತಿಯಿಂದ ಮೆದು ಸ್ಥಿತಿಗೆ ಬರುವ ಒಂದು ಉಷ್ಣಾಂಶವಿದೆ. ಪೂರ್ತಿ ಒಣಗಿದ ಫ್ರಕ್ಟೋಸಿಗೆ ಅದು ಸುಮಾರು 5 ಡಿಗ್ರಿ, ಗ್ಲೂಕೋಸಿಗೆ 31, ಸುಕ್ರೋಸಿಗೆ 62. ಪಿಷ್ಟವನ್ನು ತುಂಡರಿಸಿ ಮಾಡುವ, ಡಿಇ (ಪಿಷ್ಟ ಎಷ್ಟು ತುಂಡಾಗಿದೆ ಎಂಬ ಅಳತೆ) 10ರ ಮಾಲ್ಟೋಡೆಕ್ಸ್‌ಟ್ರಿನ್ನಿಗೆ 160ರ ಆಸುಪಾಸು. ಸ್ವಲ್ಪ ತೇವ ಉಳಿದರೂ ಈ ಅಂಕಿಗಳು ಇನ್ನೂ ಕೆಳಗೆ ಬೀಳುತ್ತವೆ. ಕಣದ ಬಿಸಿ ಈ ಗಡಿಯನ್ನು 10–20 ಡಿಗ್ರಿ ದಾಟಿತೆಂದರೆ ಮೈ ಅಂಟಾಗುತ್ತದೆ. ಟವರಿನಿಂದ ಹೊರಬರುವಾಗ ಕಣ ಹೊರಗಾಳಿಯಷ್ಟೇ ಬಿಸಿಯಾಗಿರುತ್ತದೆ, ಅಂದರೆ 80–95 ಡಿಗ್ರಿ. ಸಕ್ಕರೆ ಹೆಚ್ಚಿರುವ ಸಾರ ಅಲ್ಲಿ ಪುಡಿಯಾಗಿ ಉಳಿಯುವುದು ಸಾಧ್ಯವೇ ಇಲ್ಲ.

ಹಾಗಾದರೆ ಮಾಡುವುದೇನು? ನೋಡಬೇಕಾದದ್ದು ಒಳಗಾಳಿಯ ಬಿಸಿಯಲ್ಲ, ಹೊರಗಾಳಿಯದ್ದು. ಅದನ್ನು ಹಿಡಿದಿಡುವ ಲಗಾಮು ದ್ರವ ಬಿಡುವ ವೇಗ. ಒಳಗಾಳಿ 160–170ರಲ್ಲಿ ಇಟ್ಟು, ಮೊದಲ ಹತ್ತು ಹದಿನೈದು ನಿಮಿಷ ಬರೀ ನೀರು ಬಿಟ್ಟು, ಹೊರಗಾಳಿ 80–85ರಲ್ಲಿ ನಿಂತ ಮೇಲೆ ಸಾರಕ್ಕೆ ಬದಲಿಸಿ. ಮುಗಿಸುವಾಗಲೂ ನೀರಿನಿಂದಲೇ ಮುಗಿಸಿ. ಗಾಳಿಯಲ್ಲಿ ತೇವ ಹೆಚ್ಚಿರುವ ಕಾಲದಲ್ಲಿ ಅದೇ ಅಂಕಿಗಳಲ್ಲಿ ಪುಡಿ ಹೆಚ್ಚು ತೇವವಾಗಿ ಬರುತ್ತದೆ. ಟವರಿಗೆ ಹೋಗುವ ಗಾಳಿಯ ತೇವ ತೆಗೆಯುವ ವ್ಯವಸ್ಥೆ ಇಲ್ಲದಿದ್ದರೆ ದ್ರವದ ವೇಗ ಇಳಿಸಿ.

ಮಾಲ್ಟೋಡೆಕ್ಸ್‌ಟ್ರಿನ್ನನ್ನು ಅಂಟು ತಗ್ಗಿಸಲು ಒಟ್ಟು ಘನದ ಶೇ. 20ರಿಂದ ಶುರುಮಾಡಿ ಐದೈದೇ ಏರಿಸಿ. ಡಿಇ ಕಡಿಮೆ ಇರುವುದನ್ನೇ ಆರಿಸಿ. ಶೇ. 50 ದಾಟಿತೆಂದರೆ ನೀವು ಮಾರುತ್ತಿರುವುದು ಮಾಲ್ಟೋಡೆಕ್ಸ್‌ಟ್ರಿನ್, ಗಿಡವಲ್ಲ. ಅಷ್ಟು ಬೇಕಾಗುತ್ತಿದ್ದರೆ ಹಿಂದಕ್ಕೆ ಹೋಗಿ ಸಕ್ಕರೆಯನ್ನೇ ತೆಗೆಯಿರಿ: ದ್ರಾವಕದಲ್ಲಿ ಎಥನಾಲ್ ಪ್ರಮಾಣ ಏರಿಸಿದರೆ ಸಕ್ಕರೆ ಕಡಿಮೆ ಇಳಿಯುತ್ತದೆ. ಇಲ್ಲವೆ ಮಂದ ಸಾರವನ್ನು ಮ್ಯಾಕ್ರೋಪೋರಸ್ ರೆಸಿನ್ (ಸತ್ವವನ್ನು ಹಿಡಿದಿಡುವ ರಂಧ್ರಗಳ ಮಣಿ) ತುಂಬಿದ ಕಾಲಮ್ಮಿನ ಮೇಲೆ ಹಾಯಿಸಿ. ನೀರಿನಲ್ಲಿ ತೊಳೆದಾಗ ಸಕ್ಕರೆ, ಲವಣ ಹೋಗುತ್ತವೆ, ಹಿಡಿದಿಟ್ಟ ಸತ್ವವನ್ನು ಶೇ. 50–70ರ ಎಥನಾಲಿನಲ್ಲಿ ಇಳಿಸಿಕೊಳ್ಳಬಹುದು.

ತೆಳು ದ್ರವವನ್ನೇ ಟವರಿಗೆ ಬಿಡುವುದು ದುಬಾರಿ. ಶೇ. 20 ಘನವಿದ್ದರೆ ಕಿಲೋ ಪುಡಿಗೆ 4 ಕಿಲೋ ನೀರು ಆವಿಯಾಗಬೇಕು, ಶೇ. 35 ಇದ್ದರೆ 1.9 ಕಿಲೋ ಸಾಕು. ಇವಾಪೊರೇಟರಿನಲ್ಲಿ ನೀರು ತೆಗೆಯುವುದು ಟವರಿಗಿಂತ ಯಾವಾಗಲೂ ಅಗ್ಗ. ಅಟೊಮೈಸರ್ ತಡೆಯುವಷ್ಟು ಮಂದ ಮಾಡಿ. 50–55 ಡಿಗ್ರಿಗೆ ಬಿಸಿ ಮಾಡಿ ಬಿಟ್ಟರೆ ಇನ್ನೂ ಸ್ವಲ್ಪ ಮಂದವಿದ್ದರೂ ನಡೆಯುತ್ತದೆ.

ಇದರಲ್ಲಿ ರಿಯಾಯಿತಿ ಇಲ್ಲದ ನಿಯಮ ಒಂದೇ: ಎಥನಾಲ್ ಉಳಿದ ದ್ರವವನ್ನು ಸಾಮಾನ್ಯ ಬಿಸಿಗಾಳಿಯ ಟವರಿಗೆ ಬಿಡಬೇಡಿ. ಗಾಳಿಯಲ್ಲಿ ಶೇ. 3.3 ಎಥನಾಲ್ ಆವಿ ಸೇರಿದರೆ ಒಂದು ಕಿಡಿಗೆ ಸ್ಫೋಟ. ಅದಕ್ಕೆ ನೈಟ್ರೋಜನ್ ತುಂಬಿದ ಮುಚ್ಚಿದ ಸುತ್ತಿನ ಯಂತ್ರವೇ ಬೇಕು.

ಪ್ರಶ್ನೆ: ಎಲ್ಲ ಗಿಡಕ್ಕೂ ಸ್ಪ್ರೇ ಡ್ರೈಯರೇ ಆಗಬೇಕೆ?

ಉತ್ತರ: ಇಲ್ಲ. ರಾಳ ಹೆಚ್ಚಿರುವ ಎಥನಾಲ್ ಸಾರಗಳಿಗೆ ವ್ಯಾಕ್ಯೂಮ್ ಟ್ರೇ ಡ್ರೈಯರ್ ಮೇಲು: ಒಂದು ಸೆಂಟಿಮೀಟರ್ ದಪ್ಪಕ್ಕೆ ಹರಡಿ, 60 ಡಿಗ್ರಿ, ವ್ಯಾಕ್ಯೂಮಿನಲ್ಲಿ ಉಬ್ಬಿ ಹಪ್ಪಳದಂತಾದ ಮೇಲೆ ಬೀಸುವುದು. ಹೊತ್ತು ಹಿಡಿಯುತ್ತದೆ, ಅಷ್ಟೆ. ಹೆಪ್ಪುಗಟ್ಟಿಸಿ ವ್ಯಾಕ್ಯೂಮಿನಲ್ಲಿ ಒಣಗಿಸುವ ಫ್ರೀಜ್ ಡ್ರೈಯಿಂಗ್ ಶಾಖ ತಡೆಯದ ಸತ್ವಕ್ಕೆ ಮಾತ್ರ. ಎಥನಾಲ್ ಉಳಿದಿದ್ದರೆ ದ್ರವ ಸರಿಯಾಗಿ ಹೆಪ್ಪುಗಟ್ಟದೆ ವ್ಯಾಕ್ಯೂಮಿನಲ್ಲಿ ಚಿಮ್ಮುತ್ತದೆ.

ಪ್ರಶ್ನೆ: ಖರೀದಿದಾರರು 10:1 ಸಾರ ಕೇಳುತ್ತಾರೆ. ನಮ್ಮದು 7:1 ಬರುತ್ತಿದೆ. ಹೆಚ್ಚಿಸುವುದು ಹೇಗೆ?

ಉತ್ತರ: 10:1 ಎಂದರೆ ಹತ್ತು ಕಿಲೋ ಒಣ ಮೂಲಿಕೆಯಿಂದ ಒಂದು ಕಿಲೋ ಸಾರ ಬಂತು ಎಂದಷ್ಟೇ. ಶಕ್ತಿಯ ಅಳತೆ ಅಲ್ಲ. ಮೊದಲ ಪ್ರಶ್ನೆಯ ನೆಲಬೇವನ್ನೇ ನೋಡಿ: ನೀರಿನದ್ದು 4:1, ಎಥನಾಲಿನದ್ದು ಸುಮಾರು 7:1. ಯಾವ ದ್ರಾವಕ ಎಂದು ಹೇಳದ ಅನುಪಾತಕ್ಕೆ ಬೆಲೆಯಿಲ್ಲ. ಸತ್ವ ತೆಗೆಯುವ ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿದರೂ ಅನುಪಾತ ಏರುತ್ತದೆ, ಸತ್ವ ಚರಟದ ಪಾಲಾಗುತ್ತದೆ! ಇನ್ನೊಂದು ಗೊಂದಲ: ಒಂದು ಕಿಲೋ ಶುದ್ಧ ಸಾರಕ್ಕೆ 430 ಗ್ರಾಂ ಮಾಲ್ಟೋಡೆಕ್ಸ್‌ಟ್ರಿನ್ ಸೇರಿಸಿದರೆ 1.43 ಕಿಲೋ ಪುಡಿ. ಶುದ್ಧ ಸಾರ 10:1 ಆದರೂ ಚೀಲದಲ್ಲಿರುವ ಪುಡಿ 7:1. ನಿಮ್ಮದು ಹಾಗೇ ಇರಬಹುದು. ಚೀಟಿಯ ಮೇಲೆ ಗಿಡದ ಭಾಗ, ದ್ರಾವಕ ಮತ್ತು ಅದರ ಶೇಕಡಾ, ಶುದ್ಧ ಸಾರ ಎಷ್ಟು, ಸೇರಿಸಿದ್ದು ಎಷ್ಟು ಎಂದು ಬರೆಯಿರಿ. ಅನುಪಾತವನ್ನು 8–10:1 ಎಂಬ ವ್ಯಾಪ್ತಿಯಾಗಿ ಕೊಡುವುದು ಪ್ರಾಮಾಣಿಕ.

ಸತ್ವದ ಶೇಕಡಾ ಸಮ ಮಾಡಲು ಬ್ಯಾಚುಗಳನ್ನು ಬೆರೆಸಿ. ಒಂದರಲ್ಲಿ 6.2, ಇನ್ನೊಂದರಲ್ಲಿ 4.4 ಇದ್ದು 5 ಬೇಕಾದರೆ ಮೊದಲನೆಯದು ಒಂದು ಪಾಲು, ಎರಡನೆಯದು ಎರಡು ಪಾಲು. ಹೊರಗಿನಿಂದ ಶುದ್ಧ ಸಂಯುಕ್ತ ತಂದು ಸುರಿದು ಅಂಕಿ ಏರಿಸುವುದು ಕಲಬೆರಕೆ. ಸಂಯುಕ್ತಗಳನ್ನು ಬೇರ್ಪಡಿಸಿ ತೋರಿಸುವ ಕ್ರೊಮೆಟೊಗ್ರಫಿಯಲ್ಲಿ ಒಂದೇ ಶಿಖರ ಎದ್ದು ಅಕ್ಕಪಕ್ಕದವು ಕುಗ್ಗಿದ್ದನ್ನು ಕಂಡರೆ ಯಾರಿಗಾದರೂ ಗೊತ್ತಾಗುತ್ತದೆ.

ಪ್ರಶ್ನೆ: ಎಥನಾಲ್ ಪ್ರಮಾಣ, ಬಿಸಿ, ದ್ರಾವಕದ ಅಳತೆ ಮೂರನ್ನೂ ಒಂದೊಂದಾಗಿ ಬದಲಿಸಿ ಅತ್ಯುತ್ತಮ ಅಂಕಿ ಆರಿಸಿದೆವು. ಮೂರೂ ಸೇರಿಸಿದಾಗ ಫಲಿತಾಂಶ ಸಾಧಾರಣ.

ಉತ್ತರ: ಆ ಮೂರು ಒಂದರ ಮೇಲೊಂದು ಪ್ರಭಾವ ಬೀರುತ್ತವೆ. ಶೇ. 70ರ ಎಥನಾಲಿನಲ್ಲಿ ಬಿಸಿ ಏರಿಸಿದರೆ ಸತ್ವ ಬರುತ್ತದೆ, ಶೇ. 30ರಲ್ಲಿ ಅದೇ ಬಿಸಿ ಅಂಟನ್ನು ತಂದು ಸೋಸುವ ಬಟ್ಟೆಯನ್ನು ಕಟ್ಟಿಸುತ್ತದೆ. ಒಂದೊಂದಾಗಿ ಬದಲಿಸಿದರೆ ಇದು ಕಾಣುವುದೇ ಇಲ್ಲ. ಹಲವು ಅಂಶಗಳನ್ನು ಒಟ್ಟಿಗೆ ಬದಲಿಸಿ ನೋಡುವ ಬಾಕ್ಸ್-ಬೆಂಕೆನ್ ಎಂಬ ಪ್ರಯೋಗ ವಿನ್ಯಾಸದಲ್ಲಿ ಮೂರು ಅಂಶ, ತಲಾ ಮೂರು ಮಟ್ಟ, 15 ಪ್ರಯೋಗ: 12 ಅಂಚಿನವು, 3 ನಡುವಿನವು. ಉದಾಹರಣೆಗೆ ಎಥನಾಲ್ ಶೇ. 40, 60, 80. ಬಿಸಿ 40, 50, 60 ಡಿಗ್ರಿ. ದ್ರಾವಕ 6, 8, 10 ಪಟ್ಟು. ತಲಾ 100 ಗ್ರಾಂ ಸಾಕು, ಆದರೆ ಎಲ್ಲವೂ ಚೆನ್ನಾಗಿ ಬೆರೆಸಿದ ಒಂದೇ ರಾಶಿಯಿಂದ. ಕ್ರಮ ಚೀಟಿ ಎತ್ತಿ ನಿರ್ಧರಿಸಿ. ನಡುವಿನ ಮೂರರ ಫಲಿತಾಂಶವೇ ಒಂದಕ್ಕೊಂದು ಹೊಂದದಿದ್ದರೆ ಮುಂದೆ ಹೋಗಬೇಡಿ, ಮೊದಲು ಅಳೆಯುವ ಕೈ ಸರಿಯಾಗಲಿ.

ಅಳೆಯಬೇಕಾದದ್ದು ಕಿಲೋ ಮೂಲಿಕೆಗೆ ಎಷ್ಟು ಗ್ರಾಂ ಸತ್ವ, ಪುಡಿಯಲ್ಲಿ ಅದು ಶೇಕಡಾ ಎಷ್ಟು, ಮತ್ತು ಸೋಸಲು ಹಿಡಿದ ನಿಮಿಷ. ಕೊನೆಯದನ್ನು ಯಾರೂ ಬರೆದಿಡುವುದಿಲ್ಲ. ದೊಡ್ಡ ಪಾತ್ರೆಗೆ ಹೋದಾಗ ಇಡೀ ದಿನ ತಿನ್ನುವುದು ಅದೇ. ಸಮಯವನ್ನು ಈ ವಿನ್ಯಾಸಕ್ಕೆ ಸೇರಿಸಬೇಕಿಲ್ಲ: ಒಂದೇ ಪ್ರಯೋಗದಲ್ಲಿ 15, 30, 60, 90, 120 ನಿಮಿಷಕ್ಕೆ ಮಾದರಿ ತೆಗೆದರೆ ಗೆರೆ ಎಲ್ಲಿ ಮಟ್ಟಸವಾಗುತ್ತದೆ ಎಂದು ಕಾಣುತ್ತದೆ.

ಪ್ರಶ್ನೆ: 180 ಡಿಗ್ರಿ ಬಿಸಿಗಾಳಿಯಲ್ಲಿ ಒಣಗಿಸಿದ ಪುಡಿಯಲ್ಲೂ ಬ್ಯಾಕ್ಟೀರಿಯಾ ಲೆಕ್ಕ ಮಿತಿ ಮೀರಿದೆ. ಹೇಗೆ?

ಉತ್ತರ: 180 ಡಿಗ್ರಿ ಎಂಬುದು ಗಾಳಿಯ ಬಿಸಿ. ನೀರು ಆವಿಯಾಗುತ್ತಿರುವಷ್ಟು ಹೊತ್ತು ಹನಿ ತಂಪಾಗಿಯೇ ಇರುತ್ತದೆ, ಟವರಿನಲ್ಲಿ ಇರುವುದೂ ಕೆಲವು ಸೆಕೆಂಡು. ಬ್ಯಾಕ್ಟೀರಿಯಾದ ಗಟ್ಟಿ ಬೀಜಕಣಗಳಿಗೆ ಅದರಿಂದ ಏನೂ ಆಗದು. ನಿಮ್ಮ ನೀರಿನ ಸಾರ ಒಣಗುವ ಮೊದಲು ಟ್ಯಾಂಕಿನಲ್ಲಿ ಎಷ್ಟು ಗಂಟೆ, ಎಷ್ಟು ಬಿಸಿಯಲ್ಲಿ ಕೂತಿತ್ತು ಎಂದು ಹುಡುಕಿ. 25ರಿಂದ 45 ಡಿಗ್ರಿಯ ಸಿಹಿ ದ್ರವ ಅವುಗಳಿಗೆ ಹೇಳಿ ಮಾಡಿಸಿದ ಜಾಗ. ಕಾಯಬೇಕಾದರೆ 65ರ ಮೇಲೆ ಅಥವಾ 5ರ ಕೆಳಗೆ ಇಡಿ. ಪೈಪಿನ ಮೂಲೆ, ಪಂಪಿನ ಸೀಲು, ಹಿಂದಿನ ದಿನ ತೊಳೆಯದ ಹೋಸ್ ಕೂಡ ನೋಡಿ.

ಪ್ರಶ್ನೆ: ಮೂಲಿಕೆಯ ಪರೀಕ್ಷೆಯಲ್ಲಿ ಸೀಸ ಮಿತಿಯೊಳಗಿತ್ತು, ಸಾರದಲ್ಲಿ ಮೀರಿದೆ. ಪ್ರಯೋಗಾಲಯದ ತಪ್ಪೇ?

ಉತ್ತರ: ಇರಲಾರದು. ಸತ್ವ ಸಾಂದ್ರವಾದಂತೆ ಸೀಸವೂ ಸಾಂದ್ರವಾಗಬಹುದು. ಮೂಲಿಕೆಯಲ್ಲಿ 2 ಪಿಪಿಎಂ (ಕಿಲೋಗೆ 2 ಮಿಲಿಗ್ರಾಂ) ಇದ್ದು ಪೂರ್ತಿ ದ್ರವಕ್ಕೆ ಇಳಿದರೆ 10:1 ಸಾರದಲ್ಲಿ 20 ಪಿಪಿಎಂ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮೂಲಿಕೆಗಳಿಗೆ ಸೂಚಿಸಿದ ಮಿತಿ ಸೀಸಕ್ಕೆ 10, ಕ್ಯಾಡ್ಮಿಯಮ್ಮಿಗೆ 0.3 ಪಿಪಿಎಂ. ಸಾರ ಮಾಡುವವರು ಕೊಳ್ಳುವಾಗ ತಮ್ಮ ಮಿತಿಯನ್ನು ಇದಕ್ಕಿಂತ ಬಹಳ ಕೆಳಗೆ ಇಟ್ಟುಕೊಳ್ಳಬೇಕು. ಬೇರನ್ನು ಮಣ್ಣು ಹೋಗುವಂತೆ ತೊಳೆದರೇ ಎಷ್ಟೋ ಕಡಿಮೆಯಾಗುತ್ತದೆ. ಎಣ್ಣೆಯಲ್ಲಿ ಕರಗುವ ಕೀಟನಾಶಕಗಳು ಎಥನಾಲಿನ ಜೊತೆ ಇಳಿದು ಬರುತ್ತವೆ ಎಂಬುದೂ ನೆನಪಿರಲಿ.

ಪ್ರಶ್ನೆ: 105 ಡಿಗ್ರಿಯಲ್ಲಿ ಒಣಗಿಸಿ ತೂಗಿದರೆ ತೇವ ಶೇ. 6 ತೋರಿಸುತ್ತದೆ. ಆದರೆ ಪುಡಿ ಚೆನ್ನಾಗಿ ಹರಿಯುತ್ತದೆ. ಇನ್ನೂ ಒಣಗಿಸಬೇಕೆ?

ಉತ್ತರ: ಮೊದಲು ಕಾರ್ಲ್ ಫಿಷರ್ ಪರೀಕ್ಷೆ ಮಾಡಿಸಿ. ಒಲೆಯಲ್ಲಿ ಹೋಗುವುದು ನೀರೊಂದೇ ಅಲ್ಲ, ಸುಗಂಧ ತೈಲ, ಉಳಿದ ಎಥನಾಲ್ ಕೂಡ. ಕಾರ್ಲ್ ಫಿಷರ್ ನೀರನ್ನು ಮಾತ್ರ ಹೇಳುತ್ತದೆ. ಅದು ಶೇ. 3.5 ಅಂದರೆ ಉಳಿದದ್ದು ಏನೆಂದು ಗ್ಯಾಸ್ ಕ್ರೊಮೆಟೊಗ್ರಫಿಯಲ್ಲಿ ನೋಡಿಸಿ. ಎಥನಾಲಿಗೆ ಐಸಿಎಚ್ (ಔಷಧಗಳ ಮಾರ್ಗಸೂಚಿ ರೂಪಿಸುವ ಅಂತರರಾಷ್ಟ್ರೀಯ ಮಂಡಳಿ) ಮಿತಿ 5000 ಪಿಪಿಎಂ, ಅಂದರೆ ಶೇ. 0.5, ಮೆಥನಾಲಿಗೆ 3000, ಹೆಕ್ಸೇನಿಗೆ 290.

ಪ್ರಶ್ನೆ: ಯಂತ್ರದಿಂದ ಹಗುರವಾಗಿ ಬಂದ ಪುಡಿ ಡ್ರಮ್ಮಿನಲ್ಲಿ ಮೂರು ವಾರಕ್ಕೆ ಕಲ್ಲಾಗಿದೆ. ಸಿಲಿಕಾ ಜೆಲ್ ಪೊಟ್ಟಣ ಹಾಕಿದ್ದೆವು.

ಉತ್ತರ: ಬಿಸಿ ಇರುವಾಗಲೇ ತುಂಬಿರುವ ಸಾಧ್ಯತೆ ಹೆಚ್ಚು. 45 ಡಿಗ್ರಿಯ ಪುಡಿ ಚೀಲದೊಳಗೆ ತಣಿಯುವಾಗ ನಡುವಿನ ತೇವ ತಣ್ಣಗಿನ ಅಂಚಿಗೆ ಸರಿದು ಅಲ್ಲಿ ಗಟ್ಟಿ ಪದರ ಕಟ್ಟುತ್ತದೆ. ಗಟ್ಟಿಯಾದದ್ದು ಅಂಚಿನಲ್ಲೋ ಮೇಲ್ಭಾಗದಲ್ಲೋ ಎಂದು ಒಡೆದು ನೋಡಿ: ಸುತ್ತಲಿನ ಅಂಚಿನಲ್ಲಾದರೆ ಇದೇ ಕಾರಣ, ಮೇಲ್ಭಾಗ ಮಾತ್ರವಾದರೆ ಮುಚ್ಚಳದಿಂದ ಗಾಳಿ ಹೋಗಿದೆ. 30 ಡಿಗ್ರಿಗಿಂತ ಕೆಳಗೆ ತಣಿಸಿ, ಬೇಕಿದ್ದರೆ ಗಂಟಾಗದಂತೆ ತಡೆಯುವ ಕೊಲಾಯ್ಡಲ್ ಸಿಲಿಕಾವನ್ನು ಶೇ. 0.5–1 ಬೆರೆಸಿ, ಅಲ್ಯೂಮಿನಿಯಮ್ ಪದರದ ಚೀಲಕ್ಕೆ ಗಾಳಿ ಹಿಂಡಿ ತುಂಬಿ. ತುಂಬುವ ಕೋಣೆಯ ಆರ್ದ್ರತೆ ಶೇ. 40 ದಾಟಬಾರದು.

ಕೋಣೆ ಸರಿಯಿದೆಯೇ ಎಂದು ತಿಳಿಯಲು ಸುಲಭದ ಪರೀಕ್ಷೆ ಇದೆ. ತುಂಬುವ ಮೇಜಿನ ಮೇಲೆಯೇ 5 ಗ್ರಾಂ ಪುಡಿಯನ್ನು ಗಾಜಿನ ತಟ್ಟೆಯಲ್ಲಿ ತೆಳುವಾಗಿ ಹರಡಿ ಐದೈದು ನಿಮಿಷಕ್ಕೆ ತೂಗಿ. ತೂಕ 50 ಮಿಲಿಗ್ರಾಂ ಏರುವ ಹೊತ್ತಿಗೆ ಪುಡಿ ಶೇ. 1 ನೀರು ಕುಡಿದಂತಾಯಿತು. ಅದಕ್ಕೆ 20 ನಿಮಿಷ ಹಿಡಿದರೆ, ಯಂತ್ರದಿಂದ ತೆಗೆದ ಮಾಲು 20 ನಿಮಿಷ ಮುಗಿಯುವುದಕ್ಕೆ ಬಹಳ ಮೊದಲೇ ಸೀಲ್ ಆಗುವಷ್ಟು ಸಣ್ಣ ಪಾಲುಗಳಲ್ಲಿ ತುಂಬಿ.